ರೇಷ್ಮೆಗೂಡಿನ ಕೋಟು

ಹೊಲಿಗೆ ಮಿಷನ್ನಿನ ಡ್ರಾಯರನ್ನು ಪೂರ್ತಿ ಖಾಲಿ ಮಾಡಿ ಒರೆಸಿದ ಟೈಲರನ್ನು ನಾನಿನ್ನೂ ಕಂಡಿಲ್ಲ. ನಾನಂತೂ ಆ ಪೈಕಿ ಅಲ್ಲ. ಮೊನ್ನೆ ಬಾಬಿನ್ ಕಾಣದೆ ಬೇರೆ ದಾರಿಯಿಲ್ಲದೆ ಡ್ರಾಯರನ್ನು ಟೇಬಲ್ಲಿನ ಮೇಲೆ ಕವುಚಿ ಹಾಕಿದೆ. ಮುರಿದ ಸೂಜಿಗಳು, ತೇದುಹೋದ ಸೀಮೆಸುಣ್ಣ, ಯಾರದೋ ಪ್ಯಾಂಟಿನ ಹುಕ್ಕು, ಒಂದು ಕಾಲದಲ್ಲಿ ಪೆಪ್ಪರಮಿಂಟ್ ಆಗಿದ್ದಿರಬಹುದಾದ ಯಾವುದೋ ಪದಾರ್ಥ. ಇವುಗಳ ನಡುವಿನಿಂದ ಒಂದು ಹಳದಿ ರೇಷ್ಮೆಗೂಡು ಉರುಳಿಕೊಂಡು ಬಂತು. ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಒಳಗೆ ಒಣಗಿದ ಹುಳ ಗಿಲಕ್ಕೆಂದಿತು. ಎದುರಿಗೆ ಬ್ಲೇಜರಿಗೆ ಅಳತೆ ಕೊಡಲು ಎರಡೂ ಕೈ ಚಾಚಿ ನಿಂತಿದ್ದ ಮೇಷ್ಟ್ರು, ಎಷ್ಟು ಹೊತ್ತಾಗಿತ್ತೋ ಪಾಪ, "ಕೈ ಇಳಿಸ್ಬೋದಾ ಮಾದೇಶ?" ಎಂದು ಕೇಳಿದರು. "ಇಳಿಸಿ ಸಾರ್" ಅಂದೆ. ಅಳತೆ ಬರೆದುಕೊಂಡಿರಲಿಲ್ಲ. ಮತ್ತೆ ಎತ್ತಿಸಿದೆ.

ಆ ಗೂಡು ನನ್ನ ತಂಗಿಯ ಕೋಟಿನದು. ಹೊಲಿಯುವಾಗ ಕೈಜಾರಿ ಡ್ರಾಯರಿಗೆ ಬಿದ್ದಿದ್ದಿರಬೇಕು. ನಿಮ್ಮಲ್ಲಿ ಕೆಲವರು ಆ ಕೋಟನ್ನು ನೋಡಿರಬಹುದು, ಮಂಡ್ಯದ ಕಾಲೇಜು ಮೈದಾನದಲ್ಲೋ, ಮದ್ದೂರಿನ ಗಣೇಶನ ಪೆಂಡಾಲಿನಲ್ಲೋ, ಇಲ್ಲವೇ ಮೊಬೈಲಿನಲ್ಲೋ. ಅದರೊಳಗೆ ನಿಂತು ಹಾಡುತ್ತಿದ್ದವಳು ಸಸಿ. ಶಾಲೆಯ ದಾಖಲೆಯಲ್ಲಿ ಶಶಿಕಲಾ. ನಮ್ಮ ಕಡೆ ನಾಲಿಗೆಗೆ ಶ ಒಗ್ಗುವುದಿಲ್ಲ ನೋಡಿ, ಹೆಸರಿಟ್ಟ ದಿನವೇ ಚಂದ್ರನ ಸಹವಾಸ ಬಿಟ್ಟು ತೆಂಗಿನ ಸಸಿ, ಮೆಣಸಿನ ಸಸಿಗಳ ಸಾಲಿಗೆ ಬಂದುಬಿಟ್ಟಳು. ದೊಡ್ಡವಳಾಗಿ ರಾಕ್ ಹಾಡುಗಾರ್ತಿಯಾದಾಗ ಬ್ಯಾನರಿನ ಮೇಲೂ ಅದನ್ನೇ ಬರೆಸಿದಳು. "ಅವ್ವ ಕರ್ದಿದ್ದೇ ಸರಿ ಕಣಣ್ಣ. ಶಶಿಕಲಾ ಅಂದ್ರೆ ಯಾರೋ ಬ್ಯಾಂಕಿನ ಮೇಡಮ್ಮನ್ನ ಕರ್ದಂಗಾಯ್ತದೆ" ಅನ್ನುತ್ತಿದ್ದಳು.

ನಮ್ಮ ಮನೆ ಹಲಗೂರಿನಲ್ಲಿ, ಅಪ್ಪನ ಟೈಲರ್ ಅಂಗಡಿ ಮಳವಳ್ಳಿಯಲ್ಲಿ. ಅಪ್ಪ ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುತ್ತಿದ್ದ, ಶರ್ಟಿನ ತುಂಬ ದಾರದ ಚೂರು ಅಂಟಿಸಿಕೊಂಡು. ಅವ್ವ ಮನೆಯ ನಡುಕೋಣೆಯಲ್ಲಿ ರೇಷ್ಮೆಹುಳ ಸಾಕುತ್ತಿದ್ದಳು. ಹುಳ ಸಾಕಿದ ಮನೆಯ ಮಕ್ಕಳಿಗೆ ಗೊತ್ತಿರುತ್ತದೆ, ಆ ಮನೆಯಲ್ಲಿ ಹುಳವೇ ಯಜಮಾನ. ಒಗ್ಗರಣೆ ಘಾಟು ಕೂಡದು, ಊದುಬತ್ತಿ ಕೂಡದು. ಹುಳ ಪೊರೆ ಬಿಡಲು ಸೊಪ್ಪು ತಿನ್ನದೆ ತಲೆ ಎತ್ತಿ ಕೂರುವುದಕ್ಕೆ ಜ್ವರ ಅನ್ನುತ್ತಾರೆ. ಆ ದಿನಗಳಲ್ಲಂತೂ ಅವ್ವನ ಲೆಕ್ಕದಲ್ಲಿ ಗಟ್ಟಿಯಾಗಿ ಮಾತಾಡುವುದೂ ಅಪರಾಧ. "ಮೆತ್ಗೆ ಕಣ್ರವ್ವ, ಜ್ವರುಕ್ಕೆ ಕುಂತವೆ" ಎಂದು ಪಿಸುಗುಟ್ಟುತ್ತ ಓಡಾಡುವಳು. ಸಸಿಗೆ ಮೆತ್ತಗೆ ಮಾತಾಡುವುದು ಹುಟ್ಟಿನಿಂದಲೇ ಬರುತ್ತಿರಲಿಲ್ಲ. ಹಾಗಾಗಿ ಕೆರೆ ಏರಿಯ ಮೇಲೆ ಹೋಗಿ ಕೂಗಿ ಬರುವಳು. ಹಾಡಲ್ಲ, ಬರೀ ಕೂಗು. ಆಚೆ ದಡದಲ್ಲಿ ಎಮ್ಮೆ ತೊಳೆಯುತ್ತಿದ್ದವರು ತಿರುಗಿ ನೋಡಿ, "ಯಾರ್ಗೇನಾಯ್ತವ್ವಾ?" ಎಂದು ಕೇಳುವರು. "ಏನೂ ಇಲ್ಲ, ಸುಮ್ಕೆ!" ಎಂದು ಇವಳು ಅದೇ ದನಿಯಲ್ಲಿ ಉತ್ತರ ಕೊಡುವಳು. ನನ್ನ ದನಿಯ ವಿಚಾರ ಕೇಳಬೇಡಿ. ಶಾಲೆಯ ಪ್ರಾರ್ಥನೆಗೆ ನಿಲ್ಲಿಸುವಾಗ ಮೇಷ್ಟ್ರು ನನ್ನನ್ನು ಪಕ್ಕಕ್ಕೆ ಕರೆದು, "ನೀನು ಬಾಯಿ ಆಡಿಸು ಸಾಕು" ಎಂದಿದ್ದರು.

ಕಾಲೇಜಿಗೆ ಮಂಡ್ಯಕ್ಕೆ ಹೋಗುವಾಗ ಅವಳಿಗೆ ಇಬ್ಬರು ಸಿಕ್ಕಿದರು. ಗಿಟಾರ್ ಬಾರಿಸುವ ಮದ್ದೂರಿನ ರಾಘು, ಡ್ರಮ್ ಬಾರಿಸುವ ಕಿರುಗಾವಲಿನ ಇಮ್ತಿಯಾಜ್. ಇಮ್ತಿಯಾಜನ ಅಪ್ಪನದು ವೆಲ್ಡಿಂಗ್ ಅಂಗಡಿ, ತಗಡು ಬಡಿದೇ ಇವನಿಗೆ ತಾಳ ಬಂದದ್ದು. ಮೂರು ಜನ ಸೇರಿ ಬ್ಯಾಂಡಿಗೆ 'ತ್ರೀ ಫೇಸ್' ಎಂದು ಹೆಸರಿಟ್ಟರು. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ಬರುವುದನ್ನೇ ಕಾದು ಕೂರುವ ನಮ್ಮ ಸೀಮೆಯಲ್ಲಿ ಇದಕ್ಕಿಂತ ಮಂಗಳಕರ ಹೆಸರು ಬೇರೆಯಿಲ್ಲ. ಮೊದಲ ಕಾರ್ಯಕ್ರಮದ ಬ್ಯಾನರ್ ನೋಡಿ ಒಬ್ಬ ಗೌಡರು ವಿದ್ಯುತ್ ಇಲಾಖೆಯ ಕುಂದುಕೊರತೆ ಸಭೆ ಅಂದುಕೊಂಡು ಅರ್ಜಿ ಹಿಡಿದು ಬಂದಿದ್ದರು. ಪೂರ್ತಿ ಕೂತು ಹಾಡು ಕೇಳಿ, ಅರ್ಜಿಯನ್ನು ರಾಘು ಕೈಗೆ ಕೊಟ್ಟೇ ಹೋದರು.

"ರಾಕ್ ಅಂದ್ರೆ ಏನವ್ವ ಅದು?" ಎಂದು ಅವ್ವ ಕೇಳಿದ್ದಳು.

"ಬೈಯಾದ್ನ ರಾಗ್ವಾಗಿ ಬೈಯಾದು ಕಣವ್ವ."

"ಅಷ್ಟುಕ್ಕೆ ಕರೆಂಟ್ಯಾಕೆ? ನಾನು ದಿನಾ ಕರೆಂಟಿಲ್ದೆ ಬೈತಾ ಇಲ್ವಾ?"

ಬೈಗುಳವೇ ಅವರಿಬ್ಬರ ಮಾತುಕತೆ. ಅವ್ವ ಒಂದಂದರೆ ಇವಳು ಎರಡು ಅನ್ನುವಳು, ಅವ್ವ ಮೂರನೆಯದನ್ನು ಹುಡುಕುತ್ತ ಮೊರ ಕೊಡವುವಳು. ಆದರೆ ಕಾರ್ಯಕ್ರಮಕ್ಕೆ ಒಬ್ಬಳನ್ನೇ ಕಳಿಸಲು ಅವ್ವ ಒಪ್ಪಲಿಲ್ಲ. "ಲೇ ಮಾದೇಸ, ನೀನೂ ಓಗ್ಲಾ ಜೊತ್ಗೆ" ಎಂದು ಅಪ್ಪಣೆ ಮಾಡಿದಳು. ಹೀಗೆ ತಾಳ ಗೊತ್ತಿಲ್ಲದ, ರಾಗ ಗೊತ್ತಿಲ್ಲದ ನಾನು ರಾಕ್ ಬ್ಯಾಂಡಿನ ಜೊತೆ ಊರೂರು ತಿರುಗಿದೆ. ಬಟ್ಟೆಯ ಚೀಲ ಹಿಡಿದು ವೇದಿಕೆಯ ಪಕ್ಕ ನಿಲ್ಲುವುದು ನನ್ನ ಕೆಲಸ. ಕೆಲವರು ನನ್ನನ್ನು ಮೇನೇಜರ್ ಅಂದುಕೊಂಡು ಟೀ ತರಿಸಿಕೊಟ್ಟರು, ಕೆಲವರು ಸೌಂಡ್ ಸಿಸ್ಟಮ್ಮಿನವನು ಅಂದುಕೊಂಡು ವೈರು ಎಳೆಸಿದರು.

ಬಟ್ಟೆಯ ಚೀಲ ಅಂದೆನಲ್ಲ. ಮೊದಮೊದಲು ಅದರಲ್ಲಿ ಇದ್ದದ್ದು ಒಂದು ಚೂಡಿದಾರ. ಆಮೇಲೊಂದು ದಿನ ಅಂಗಡಿಗೆ ಬಂದು, ಕತ್ತರಿಸಿ ಉಳಿದ ಬಟ್ಟೆಯ ಮೂಟೆಯನ್ನು ಬಿಚ್ಚಿ ನೆಲದ ಮೇಲೆ ಹರಡಿಕೊಂಡು ಕೂತಳು. ಕಂಡಕ್ಟರುಗಳ ಖಾಕಿ, ಶಾಲೆಯ ಮಕ್ಕಳ ನೀಲಿ ಚೌಕುಳಿ, ವಕೀಲರ ಕಪ್ಪು, ನರ್ಸುಗಳ ಬಿಳಿ. "ಇವುನ್ನೆಲ್ಲ ಕೂಡ್ಸಿ ಒಂದು ಕೋಟು ಒಲ್ಕೊಡು" ಅಂದಳು. ಮೊಣಕಾಲಿನವರೆಗೆ ಬರುವ ಕೋಟು. ಅದರ ಕೆಳಗೆ ಅಪ್ಪನ ಹಳೇ ಚೌಕುಳಿ ಲುಂಗಿಯಲ್ಲಿ ಹೊಲಿದ ದೊಗಲೆ ಪ್ಯಾಂಟು. ಹೊಲಿದು ಮುಗಿಸಿದ ಮೇಲೆ ಭುಜ ಬೋಳಾಗಿ ಕಾಣುತ್ತದೆ ಅಂದಳು. ಅವ್ವ ಮಾರುಕಟ್ಟೆಗೆ ಹಾಕದೆ ಉಳಿಸಿದ ಕಳಪೆ ಗೂಡುಗಳನ್ನು ಸಸಿಯೇ ಮನೆಯಿಂದ ಒಂದು ಪುಟ್ಟಿಯಲ್ಲಿ ತಂದು ಮುಂದಿಟ್ಟಳು. ಎರಡು ಭುಜಗಳ ಮೇಲೆ ಸಾಲು ಸಾಲಾಗಿ, ತೋಳಿನುದ್ದಕ್ಕೂ ಇಳಿಬಿಟ್ಟು, ಹಳದಿ ಗೂಡುಗಳನ್ನು ಹೊಲಿದೆ. ಅವಳು ಹಾಕಿಕೊಂಡು ಭುಜ ಕುಣಿಸಿದಾಗ ಒಳಗಿನ ಒಣಹುಳಗಳೆಲ್ಲ ಒಟ್ಟಿಗೆ ಗಿಲಗಿಲ ಅಂದವು. ಇಮ್ತಿಯಾಜ್ ಅದನ್ನು ಕೇಳಿ, "ನನ್ಗಿಂತ ಚೆನ್ನಾಗ್ ಬಾರಿಸ್ತವೆ ಇವು" ಅಂದ.

ಅಪ್ಪ ಕನ್ನಡಕ ಹಣೆಗೇರಿಸಿ ಕೋಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಹೊಲಿಗೆಯಲ್ಲಿ ತಪ್ಪು ಸಿಗಲಿಲ್ಲ.

"ಎಣ್ಮಕ್ಳ ಬಟ್ಟೆ ಅಲ್ಲ, ಗಂಡ್ಮಕ್ಳ ಬಟ್ಟೆನೂ ಅಲ್ಲ. ಯಾರ್ದವ್ವ ಇದು?"

"ನಂದು" ಅಂದಳು ಸಸಿ.

ಅಪ್ಪ ಕನ್ನಡಕ ಇಳಿಸಿಕೊಂಡ. ಮಾರನೆಯ ದಿನ ನೋಡಿದರೆ, ಕೋಟಿನ ಒಳಭಾಗಕ್ಕೆ ಅವನೇ ರೇಷ್ಮೆಯ ಒಳಬಟ್ಟೆ ಕೊಟ್ಟಿದ್ದ. ಮೈ ಚುಚ್ಚಬಾರದು ಅಂತ.

ಒಣಹುಳಕ್ಕೆ ಇರುವೆ ಬರುತ್ತದೆ ಅನ್ನುವುದು ಯಾರಿಗೂ ಹೊಳೆಯಲಿಲ್ಲ. ಕಿರುಗಾವಲಿನ ಕಾರ್ಯಕ್ರಮದಲ್ಲಿ ಎರಡನೇ ಹಾಡಿನ ಹೊತ್ತಿಗೆ ಕೋಟಿನ ಕಾಲರಿನಿಂದ ಕೆಂಜಿಗ ಮೆರವಣಿಗೆ ಹೊರಟಿದೆ. ಹಾಡು ನಿಲ್ಲಿಸುವ ಹಾಗಿಲ್ಲ, ಕೋಟು ಬಿಚ್ಚುವ ಹಾಗಿಲ್ಲ. ಇವಳು ಕುತ್ತಿಗೆ ತಿರುಚಿದಳು, ಬೆನ್ನು ಹೊಸೆದಳು, ಕೊನೆಗೆ ಎಗರೆಗರಿ ಕೈಕಾಲು ಝಾಡಿಸತೊಡಗಿದಳು. ಜನ ಹುಚ್ಚೆದ್ದು ಶಿಳ್ಳೆ ಹಾಕಿದರು. ಆ ವಿಡಿಯೋ ಎಲ್ಲೆಲ್ಲೋ ಹೋಯಿತು. ಮುಂದಿನ ಕಾರ್ಯಕ್ರಮದಲ್ಲಿ ಹುಡುಗರು ಕೆಳಗೆ ನಿಂತು ಬೆನ್ನು ಹೊಸೆಯುತ್ತ ಕುಣಿಯುತ್ತಿದ್ದರು. ಅದಕ್ಕೆ 'ಸಸಿ ಸ್ಟೆಪ್ಪು' ಅನ್ನುತ್ತಾರೆ ಎಂದು ರಾಘು ಹೇಳಿದ. ನಾನು ಆಮೇಲಿಂದ ಗೂಡುಗಳನ್ನು ಬಿಸಿಲಲ್ಲಿ ಹುರಿದ ಹಾಗೆ ಒಣಗಿಸಿ, ಬೇವಿನ ಸೊಪ್ಪಿನ ಜೊತೆ ಕಟ್ಟಿಡುತ್ತಿದ್ದೆ. ಹೆಣ್ಣುಮಕ್ಕಳು ಅಂಗಡಿಗೆ ಬಂದು, "ಅಣ್ಣ, ಸಸಿ ಕೋಟು ಒಲ್ದುಕೊಡ್ತೀರಾ?" ಎಂದು ಕೇಳತೊಡಗಿದರು. ಒಂದೆರಡು ಹೊಲಿದೂ ಕೊಟ್ಟೆ. ಎಷ್ಟು ಚೆನ್ನಾಗಿ ಹೊಲಿದರೂ ಆ ಮಕ್ಕಳ ಮೈಮೇಲೆ ಅವು ಬರೀ ಕೋಟಾಗಿ ನಿಲ್ಲುತ್ತಿದ್ದವು.

ಅವಳ ಹಾಡುಗಳಲ್ಲಿ ಜನಕ್ಕೆ ಹಿಡಿಸಿದ್ದು ಒಂದಿತ್ತು. ಅವಳೇ ಬರೆದದ್ದು. ಗದ್ದೆಗೆ ನೀರು ಕಟ್ಟಲು ಪಂಪ್‌ಸೆಟ್ಟಿನ ಕರೆಂಟು ಕಾಯುತ್ತ ಬದುವಿನ ಮೇಲೆ ಕೂತ ಹೆಂಗಸಿನ ಹಾಡು. "ಊರು ಮಲಗೈತೆ, ಕೇರಿ ಮಲಗೈತೆ" ಎಂದು ಸಣ್ಣ ದನಿಯಲ್ಲಿ ಶುರುವಾಗಿ, ಏರುತ್ತ ಏರುತ್ತ "ನಾನು ಎದ್ದಿವ್ನಿ ಕಣ್ಲಾ!" ಅನ್ನುವ ಕಡೆ ಗಿಟಾರು, ಡ್ರಮ್ಮು, ಅವಳ ಗಂಟಲು ಮೂರೂ ಒಟ್ಟಿಗೆ ಹೊತ್ತಿಕೊಳ್ಳುತ್ತಿದ್ದವು. ಮೈದಾನಕ್ಕೆ ಮೈದಾನವೇ "ಎದ್ದಿವ್ನಿ!" ಎಂದು ತಿರುಗಿ ಕೂಗುತ್ತಿತ್ತು. ಬಾಯಿ ಆಡಿಸು ಸಾಕು ಎನ್ನಿಸಿಕೊಂಡ ನಾನೂ ಕೂಗುತ್ತಿದ್ದೆ. ಬೆಂಗಳೂರಿಗೆ ಕರೆದರು, ಟಿವಿಯವರು ಕರೆದರು. ಅಲ್ಲಿನ ಒಬ್ಬ ಬಟ್ಟೆಯ ಜವಾಬ್ದಾರಿಯವನು ಕೋಟನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಇದರ ಬದಲು ಚರ್ಮದ ಜಾಕೆಟ್ ಹಾಕಿಕೊಳ್ಳಿ ಎಂದನಂತೆ. "ಚರ್ಮ ನಂದೇ ಅದೆ ಕಣಪ್ಪ" ಎಂದು ಹೇಳಿ ಬಂದಳು.

ಅವಳ ಕುತ್ತಿಗೆಯ ಗಂಟು ಮೊದಲು ತಿಳಿದದ್ದು ಕೋಟಿನಿಂದ. "ಕಾಲರ್ ಯಾಕೋ ಬಿಗಿ ಆಯ್ತದೆ ಕಣಣ್ಣ" ಅಂದಳು. ಗುಂಡಿ ಸರಿಸಿ ಕೊಟ್ಟೆ. ಸ್ವಲ್ಪ ದಿನ ಬಿಟ್ಟು ಮತ್ತೆ ಬಿಗಿ ಅಂದಳು. "ಬೆಂಗ್ಳೂರ್ ಬಿರಿಯಾನಿ ಕುತ್ಗೆಗೆ ಅತ್ತದೆ" ಎಂದು ನಾನು ನಕ್ಕೆ. ಅವಳು ನಗಲಿಲ್ಲ. ನನ್ನ ಬೆರಳು ಹಿಡಿದು ಗಂಟಲ ಬುಡದ ಮೇಲೆ ಇಟ್ಟಳು. ಚರ್ಮದ ಕೆಳಗೆ ಅವರೆಕಾಳಿನಷ್ಟು ಗಟ್ಟಿಯಾದದ್ದೊಂದು ಇತ್ತು.

ಮೈಸೂರಿನ ಆಸ್ಪತ್ರೆಯ ಡಾಕ್ಟರಮ್ಮ ಒಳ್ಳೆಯವರು. ಸುತ್ತಿ ಬಳಸಿ ಹೇಳಲಿಲ್ಲ. ಗಡ್ಡೆ ಕೆಟ್ಟದ್ದು, ತೆಗೆಯಲೇಬೇಕು. ಆದರೆ ದನಿ ಆಡಿಸುವ ನರಕ್ಕೆ ಅಂಟಿಕೊಂಡು ಬೆಳೆದಿದೆ. ನರ ಉಳಿಸಲು ನೋಡುತ್ತೇನೆ, ಉಳಿಯುತ್ತದೆ ಎಂದು ಮಾತು ಕೊಡಲಾರೆ. ತೆಗೆದರೆ ಜೀವಕ್ಕೆ ಭಯವಿಲ್ಲ. ಇಷ್ಟನ್ನು ಅವರು ಸಸಿಯ ಮುಖ ನೋಡಿಯೇ ಹೇಳಿದರು. ಸಸಿ ಒಂದೇ ಮಾತು ಕೇಳಿದಳು. "ಮದ್ದೂರಲ್ಲಿ ಒಂದು ಪ್ರೋಗ್ರಾಮ್ ಒಪ್ಕೊಂಡಿವ್ನಿ. ಅದು ಮುಗಿಸ್ಕೊಂಡು ಬರ್ಲಾ?" ಡಾಕ್ಟರಮ್ಮ "ಬನ್ನಿ" ಅಂದರು.

ಮದ್ದೂರಿನಲ್ಲಿ ರಾಘುಗೂ ಇಮ್ತಿಯಾಜನಿಗೂ ಅವಳು ಏನೂ ಹೇಳಲಿಲ್ಲ. ಗೊತ್ತಿದ್ದವನು ನಾನೊಬ್ಬನೇ. ಪ್ರತಿ ಹಾಡೂ ಯಾವಾಗಲಿನಂತೆಯೇ ಇತ್ತು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಕೊನೆಯ ಹಾಡು ಮುಗಿದ ಮೇಲೆ ಜನ "ಒನ್ಸ್ ಮೋರ್" ಎಂದು ಕೂಗಿದರು. ಅವಳು ಮೈಕಿನ ಮುಂದೆ ನಿಂತು ಅವರನ್ನೇ ನೋಡುತ್ತಿದ್ದಳು. ಒಬ್ಬೊಬ್ಬರ ಮುಖವನ್ನೂ ನೋಡುವ ಹಾಗೆ ನೋಡಿ, "ಸಾಕು ಕಣ್ರಪ್ಪ, ಮನೆಗೋಗಿ, ಅವ್ವ ಕಾಯ್ತಾ ಇರ್ತರೆ" ಅಂದಳು. ಜನ ನಕ್ಕರು. ಆ ದನಿಯಲ್ಲಿ ಅವಳು ಮೈಕಿಗೆ ಆಡಿದ ಕೊನೆಯ ಮಾತು ಅದು. ನಾನು ವೇದಿಕೆಯ ಪಕ್ಕದಲ್ಲಿ ಚೀಲವನ್ನು ಬಿಗಿಯಾಗಿ ಹಿಡಿದುಕೊಂಡು ನಿಂತಿದ್ದೆ. ಯಾರೋ ಬಂದು, "ಅಣ್ಣ, ವೈರ್ ಬಿಚ್ಚಿ" ಅಂದರು. ಬಿಚ್ಚಿದೆ.

ಗಡ್ಡೆ ಪೂರ್ತಿ ಹೋಯಿತು. ನರವೂ ಹೋಯಿತು. ಉಳಿದದ್ದು ಉಸಿರಿನಷ್ಟೇ ತೆಳ್ಳಗಿನ ಒಂದು ಪಿಸುಮಾತು. ದನಿ ತರಿಸುವ ಅಭ್ಯಾಸಗಳನ್ನು ಹೇಳಿಕೊಟ್ಟರು. ಬೆಳಿಗ್ಗೆ ಎದ್ದು ಕಿಟಕಿಯ ಮುಂದೆ ಕೂತು ಆ ಅನ್ನುವಳು, ಈ ಅನ್ನುವಳು. ಆಚೆ ಕೂತ ನಮಗೆ ಬಾಗಿಲು ಸವರಿಕೊಂಡು ಗಾಳಿ ಹೋದ ಹಾಗೆ ಕೇಳಿಸುತ್ತಿತ್ತು. ತಿಂಗಳುಗಳು ಹೋದವು. ಡಾಕ್ಟರಮ್ಮ "ದನಿಗಾಗಿ ಇನ್ನು ಕಾಯುವುದು ಬೇಡ" ಎಂದ ದಿನ ಬಸ್ ಸ್ಟ್ಯಾಂಡಿನಲ್ಲಿ ನನಗೆ ಕಬ್ಬಿನ ಹಾಲು ಕುಡಿಸಿದಳು. ನಾನು ಲೋಟ ಹಿಡಿದುಕೊಂಡೇ ನಿಂತಿದ್ದೆ. ಅವಳು ತನ್ನದನ್ನು ಕುಡಿದು ನನ್ನದನ್ನೂ ತೆಗೆದುಕೊಂಡಳು.

ಆಗ ನಡೆದ ಒಂದು ಸಂಗತಿಯನ್ನು ಹೇಳಲೇಬೇಕು. ಅವ್ವ ಬೈಯುವುದನ್ನು ಬಿಟ್ಟಳು. ನಾನು ಮೊದಲು ಗಮನಿಸಿರಲಿಲ್ಲ. ಒಂದು ದಿನ ಸಸಿ ಹಾಲು ಉಕ್ಕಿಸಿಬಿಟ್ಟಳು. ಹಿಂದೆ ಆಗಿದ್ದರೆ ಅರ್ಧ ಗಂಟೆಯ ಕಛೇರಿ. ಅವ್ವ ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡು ಬಟ್ಟೆ ತಂದು ಒರೆಸಿದಳು. ಸಸಿ ಹತ್ತಿರ ಹೋಗಿ ಅವ್ವನ ಕಿವಿಗೆ ಬಾಯಿಟ್ಟು, "ಬೈಯಿ ಅವ್ವ" ಅಂದಳು. ಅವ್ವ ಒಲೆಕಟ್ಟೆಯ ಮೇಲೆ ಕೈಯೂರಿ ನಿಂತು ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. "ತಿರುಗ್ಸಿ ಬೈಯಾಕೆ ನಿಂಗೆ ಆಗಲ್ವಲ್ಲವ್ವ, ನಾನೊಬ್ಳೇ ಎಂಗವ್ವ ಬೈಯ್ಲಿ?" ಎಂದಳು. ಇಬ್ಬರೂ ಅಡುಗೆಮನೆಯಲ್ಲಿ ಹಾಗೇ ನಿಂತಿದ್ದರು. ನಾನು ಅಪ್ಪನನ್ನು ನೋಡಿದೆ. ಅಪ್ಪ ಹೊಲಿಯುತ್ತಿರಲಿಲ್ಲ, ಆದರೂ ಸೂಜಿಗೆ ದಾರ ಪೋಣಿಸುತ್ತ ಕೂತಿದ್ದ.

ಕಳೆದ ಬೇಸಿಗೆಯಲ್ಲಿ ರಾಘು, ಇಮ್ತಿಯಾಜ್ ಮನೆಗೆ ಬಂದರು. ಜಗುಲಿಯ ತುದಿಯಲ್ಲಿ ಕೂತು ಮಜ್ಜಿಗೆ ಕುಡಿದರು. ಬಿಸಿಲು ಜಾಸ್ತಿ ಅಂದರು. ಮಳೆ ಬರಬಹುದು ಅಂದರು. ಸಸಿ ಇಬ್ಬರನ್ನೂ ನೋಡಿ, "ಉಡ್ಗಿ ಯಾರು?" ಎಂದು ಪಿಸುಗುಟ್ಟಿದಳು. ಇಮ್ತಿಯಾಜ್ ಲೋಟ ಕೆಳಗಿಟ್ಟು ಮುಖ ತಿರುಗಿಸಿಕೊಂಡ.

"ನವ್ಯ ಅಂತ. ನಮ್ಮೂರೋಳೇ" ಅಂದ ರಾಘು. "ನೀನು ಬ್ಯಾಡ ಅಂದ್ರೆ ಇಲ್ಲಿಗೇ ಬುಟ್ಬುಡ್ತೀವಿ. ಬ್ಯಾಂಡೂ ಬ್ಯಾಡ, ಏನೂ ಬ್ಯಾಡ. ಆಣೆ ಮಾಡಿ ಯೋಳ್ತೀನಿ."

"ಎಂಗೆ ಆಡ್ತಾಳೆ?"

"ಚೆನ್ನಾಗೇ ಆಡ್ತಾಳೆ" ಅಂದ ರಾಘು, ತಪ್ಪು ಮಾಡಿದವನ ಹಾಗೆ.

"ಕೋಟು?"

"ಅದು ನಿಂದು ಕಣಮ್ಮ. ಅದ್ನ ಕೇಳಾಕೆ ಬಂದಿಲ್ಲ ನಾವು."

"ಕೋಟಿಲ್ದೆ ಎಂಗ್ಲಾ ಆಯ್ತದೆ" ಅಂದಳು ಸಸಿ. "ಅಣ್ಣ ಸರಿ ಮಾಡ್ಕೊಡ್ತಾನೆ. ಅವ್ಳನ್ನ ಅಂಗ್ಡಿಗೆ ಕಳ್ಸಿ."

ಹೀಗೆ ಒಂದು ಭಾನುವಾರ ನವ್ಯ ಅಂಗಡಿಗೆ ಬಂದಳು. ಇನ್ನೂ ಓದುವ ಹುಡುಗಿ, ಕಡ್ಡಿಯ ಹಾಗಿದ್ದಳು. ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಸಸಿಯ ಕಾಲು ಮುಟ್ಟಲು ಬಗ್ಗಿದಳು. ಸಸಿ ರಟ್ಟೆ ಹಿಡಿದು ಎತ್ತಿ ನಿಲ್ಲಿಸಿ, ತಾನೇ ಕೋಟು ತೊಡಿಸಿದಳು. ಭುಜ ಇಳಿದುಬಿದ್ದಿತ್ತು, ತೋಳು ಬೆರಳು ಮುಚ್ಚುತ್ತಿತ್ತು. ಸಸಿ ಪಿನ್ನುಗಳನ್ನು ತುಟಿಯಲ್ಲಿ ಕಚ್ಚಿಕೊಂಡು ಭುಜ ಒಳಕ್ಕೆ ಮಡಿಸಿದಳು, ಸೊಂಟ ಹಿಡಿದಳು, ನನಗೆ ಬೆರಳಲ್ಲೇ ಗುರುತು ತೋರಿಸಿದಳು. ನಾನು ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಕಾಲರಿಗೆ ಬಂದಾಗ ಇಬ್ಬರ ಕೈಯೂ ನಿಂತಿತು. ಹಿಂದೆ ನಾನು ಸರಿಸಿ ಸರಿಸಿ ಕೊಟ್ಟಿದ್ದ ಗುಂಡಿಯ ಗುರುತುಗಳು ಸಾಲಾಗಿ ಹಾಗೇ ಇದ್ದವು. ಸಸಿ ಗುಂಡಿಯನ್ನು ಮೊಟ್ಟಮೊದಲಿನ ಜಾಗಕ್ಕೆ ಹಿಡಿದು ತೋರಿಸಿದಳು.

"ಭಾರ ಅದೆ ಅಕ್ಕ" ಅಂದಳು ನವ್ಯ, ಮೆಲ್ಲಗೆ.

ಸಸಿ ಪಿನ್ನುಗಳನ್ನು ಬಾಯಿಂದ ತೆಗೆದಳು. "ಆಡ್ತಾ ಆಡ್ತಾ ಗೊತ್ತಾಗಲ್ಲ."

ಭುಜದ ಹೊಲಿಗೆ ಬಿಚ್ಚಿ ಕೂತಾಗ ನನಗೆ ಸೂಜಿಯ ಕಣ್ಣು ಕಾಣಲಿಲ್ಲ. ವಯಸ್ಸಾಯಿತು, ಕನ್ನಡಕ ಬದಲಿಸಬೇಕು ಎಂದು ಗಟ್ಟಿಯಾಗಿ ಹೇಳಿದೆ. ಯಾರೂ ಕೇಳಿರಲಿಲ್ಲ.

ಕಾರ್ಯಕ್ರಮ ಮಂಡ್ಯದಲ್ಲಿ, ಸಂಜೆ. ನಾನು ಬೇಡ ಅಂದೆ, ಅವ್ವನೂ ಬೇಡ ಅಂದಳು. ಸಸಿ ಕತ್ತಿಗೆ ಸ್ಕಾರ್ಫ್ ಸುತ್ತಿಕೊಂಡು ಹೊರಟೇಬಿಟ್ಟಳು. ವೇದಿಕೆಯ ಹಿಂದೆ ಹೋಗಲು ಒಪ್ಪದೆ ಮೈದಾನದ ನಡುವೆ, ಜನರ ಜೊತೆ ನಿಂತಳು. ಸಾದಾ ಚೂಡಿದಾರದಲ್ಲಿದ್ದ ಅವಳನ್ನು ಯಾರೂ ಗುರುತು ಹಿಡಿಯಲಿಲ್ಲ. ಅವಳನ್ನು ಜನ ಕೋಟಿನಲ್ಲೇ ತಾನೆ ಕಂಡದ್ದು. ಪಕ್ಕದಲ್ಲಿದ್ದ ಒಬ್ಬ ಹುಡುಗ, "ಅಕ್ಕ, ಸ್ವಲ್ಪ ಸರ್ಕೊಳಿ, ವಿಡಿಯೋ ಮಾಡ್ಬೇಕು" ಅಂದ. ಸರಿದು ನಿಂತಳು.

ನವ್ಯ ಹೆದರಿದ್ದಳು, ಮೊದಲ ಹಾಡು ಹಾಗೇ ಹೋಯಿತು. ಎರಡನೆಯದಕ್ಕೆ ಚಳಿ ಬಿಟ್ಟಳು. ಮೂರನೆಯದು ಸಸಿಯ ಹಾಡು. "ಊರು ಮಲಗೈತೆ" ಎಂದು ಶುರುವಾದಾಗ ನಾನು ತಂಗಿಯ ಮುಖ ನೋಡುವ ಧೈರ್ಯ ಸಾಲದೆ ನೆಲ ನೋಡಿದೆ. ಹಾಡು ಏರಿತು. ಆ ಹುಡುಗಿ ಚೆನ್ನಾಗಿಯೇ ಏರಿಸಿದಳು, ಸುಳ್ಳು ಹೇಳಬಾರದು. "ಎದ್ದಿವ್ನಿ!" ಎಂದು ಮೈದಾನ ಕೂಗಿದಾಗ ತಲೆ ಎತ್ತಿದೆ. ಸಸಿಯೂ ಕೂಗುತ್ತಿದ್ದಳು. ಕತ್ತಿನ ನರ ಉಬ್ಬಿ, ಕಣ್ಣು ಮುಚ್ಚಿ, ಬಾಯಿ ದೊಡ್ಡದಾಗಿ ತೆರೆದು ಕೂಗುತ್ತಿದ್ದಳು. ಅಷ್ಟು ಸಾವಿರ ಬಾಯಿಗಳ ನಡುವೆ ಒಂದು ಬಾಯಿಂದ ದನಿ ಬರುತ್ತಿಲ್ಲ ಎಂದು ಯಾರಿಗೆ ಗೊತ್ತಾಗಬೇಕು?

ಮುಗಿಯುವ ಮೊದಲೇ ಹೊರಟೆವು. ಮಳವಳ್ಳಿ ಬಸ್ಸು ಸಿಕ್ಕಿತು. ಹಿಂದಿನ ಸೀಟು, ಇಂಜಿನ್ನಿನ ಸದ್ದಿಗೆ ಕಿಟಕಿಯ ಗಾಜೆಲ್ಲ ಗಡಗಡ ನಡುಗುತ್ತಿತ್ತು. ಮದ್ದೂರು ದಾಟಿದ ಮೇಲೆ ಸಸಿ ನನ್ನ ಕಡೆ ತಿರುಗಿ ಏನೋ ಹೇಳಿದಳು. ತುಟಿ ಆಡಿದ್ದು ಕಂಡಿತು, ಕೇಳಿಸಲಿಲ್ಲ.

"ಏನವ್ವ?" ಅಂದೆ.

ಮತ್ತೆ ಹೇಳಿದಳು. ನಾನು ಕಿವಿಯನ್ನು ಅವಳ ಬಾಯಿಯ ಹತ್ತಿರ ತಂದೆ. ಡ್ರೈವರು ಗೇರು ಬದಲಿಸಿದ. ಬೆಚ್ಚಗಿನ ಉಸಿರು ಮಾತ್ರ ತಾಕಿತು.

"ಕೇಳುಸ್ನಿಲ್ಲ ಕಣವ್ವ. ಇನ್ನೊಂದ್ಸಲ ಯೋಳು."

ಅವಳು ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. ಆಮೇಲೆ ನಕ್ಕು, ಏನಿಲ್ಲ ಬುಡು ಅನ್ನುವ ಹಾಗೆ ಕೈ ಆಡಿಸಿ, ಕಿಟಕಿಗೆ ತಲೆ ಕೊಟ್ಟು ಕಣ್ಣು ಮುಚ್ಚಿಕೊಂಡಳು.

ಮನೆಗೆ ಬಂದು ಕೈಕಾಲು ತೊಳೆದ ಮೇಲೆ, ಬಸ್ಸಿನಲ್ಲಿ ಏನು ಹೇಳಿದೆ ಎಂದು ಕೇಳಿದೆ. ಮರೆತುಹೋಯಿತು ಅಂದಳು.